ಅಥವಾ

ಪೋರ್ಚುಗೀಸ್ ಭಾಷೆಯ ಅತ್ಯುತ್ತಮ ರಾಕ್
ಅಥವಾ ಪರ್ಯಾಯ ಆಲ್ಬಮ್.
ಲಕೋಟೆಯ ಮೇಲೆ ಹಾಗೆಯೇ ಇತ್ತಂತೆ.
ನಾವು ಕೂತದ್ದು ಆ ‘ಅಥವಾ’ದಲ್ಲಿ,
ತುಂಬಿದ ಬಸ್ಸಿನ ಎರಡು ಸೀಟಿನ ನಡುವೆ
ಡಬ್ಬ ಬೋರಲು ಹಾಕಿ ಕೂರುತ್ತಾರಲ್ಲ, ಹಾಗೆ.

ನಮ್ಮದು ತೆರೆಸೀನಾ. ಎರಡು ನದಿ ಕೂಡುವ ಊರು,
ಕೂಡಿಯೂ ತಂಪಿಲ್ಲ.
ಮಟಮಟ ಮಧ್ಯಾಹ್ನ ಗಿಟಾರಿನ ತಂತಿ ತಾನೇ ಸಡಿಲಾಗುತ್ತದೆ,
ನಾಯಿಗಳು ಬೊಗಳುವುದನ್ನು ಸಂಜೆಗೆ ಮುಂದೂಡುತ್ತವೆ.
ಸ್ಟುಡಿಯೋಗೆ ದುಡ್ಡಿರಲಿಲ್ಲ.
ಮೀನು ಮಾರುಕಟ್ಟೆಯ ಮುದುಕ ಎವಾರಿಸ್ತು
ತನ್ನ ಶೀತಲ ಕೋಣೆಯ ಬೀಗ ತೆಗೆದ.
‘ರಾತ್ರಿಗೆ ನಲವತ್ತು ನಿಮಿಷ ಯಂತ್ರ ನಿಲ್ಲಿಸುತ್ತೇನೆ.
ಆಮೇಲೆ ನಿಮ್ಮ ಹಾಡೋ ನನ್ನ ಮೀನೋ
ಅಂತ ನನ್ನನ್ನು ಕೇಳಬೇಡಿ.’

ಒಂಬತ್ತು ರಾತ್ರಿ, ಒಂಬತ್ತು ಹಾಡು.
ಈ ಊರಲ್ಲಿ ಸ್ವೆಟರು ಯಾರ ಮನೆಯಲ್ಲಿದೆ?
ಮೀನು ಕೊಯ್ಯುವವರ ರಬ್ಬರ್ ಮುಂಗವಸು ಬಿಗಿದು,
ಕೈಗೆ ಕಾಲುಚೀಲ ಹಾಕಿಕೊಂಡು
ನಾನು ಡ್ರಮ್ಮು ಬಾರಿಸಿದೆ.
ಚಳಿಗೆ ಚರ್ಮ ಬಿರುಸಾಗಿ
ಒಂದೊಂದು ಪೆಟ್ಟಿಗೂ ಗಾಜು ಒಡೆದ ಸದ್ದು.
ಮುಂದೆ ಸಾಲಾಗಿ ಸುರುಬಿಂ ಮೀನುಗಳು,
ರೆಪ್ಪೆಯಿಲ್ಲದ ಪ್ರೇಕ್ಷಕರು.
ನಡುವೆ ಎದ್ದು ಹೋದವರು ಒಬ್ಬರೂ ಇಲ್ಲ.

ಏಳನೆಯ ಹಾಡಿನ ಅರ್ಧಕ್ಕೆ ಹೊತ್ತು ಮುಗಿಯಿತು.
ಮುದುಕ ಮಾತಿಗೆ ತಪ್ಪದವನು, ಗುಂಡಿ ಒತ್ತಿದ.
ಗುಂಯ್ ಎಂದು ಎದ್ದಿತು ಯಂತ್ರ.
ಜುರಾಂದೀರ್ ನಿಲ್ಲಿಸಲಿಲ್ಲ,
ದನಿಯನ್ನು ಒಂದು ಮೆಟ್ಟಿಲು ಇಳಿಸಿ
ಯಂತ್ರದ ಶ್ರುತಿಗೆ ಸೇರಿಸಿಬಿಟ್ಟ.
ಸಾವ್ ಪಾವ್ಲುವಿನ ಪತ್ರಿಕೆಯೊಂದು ಆಮೇಲೆ ಬರೆಯಿತು:
‘ಎದೆಗಾರಿಕೆಯ ನಾದಪ್ರಯೋಗ.’
ಎವಾರಿಸ್ತು ಅದನ್ನು ಕತ್ತರಿಸಿ
ಕರೆಂಟು ಬಿಲ್ಲಿನ ಜೊತೆ ಮೊಳೆಗೆ ಚುಚ್ಚಿದ್ದಾನೆ.

ಟಿಕೆಟ್ಟು ಬಂದದ್ದು ಇಬ್ಬರಿಗೆ.
ಜುರಾಂದೀರ್ ಹೋದ, ಇವೊನೇಯ್ಜಿ ಹೋದಳು,
ಅಕ್ಕನ ಮದುವೆಯ ಚಪ್ಪಲಿ ಮೆಟ್ಟಿಕೊಂಡು.
ನಾನು ತಕ್ಕಡಿಗೆ ಫೋನು ಒರಗಿಸಿ ಕೂತೆ.
ನಮ್ಮ ಭಾಷೆಯ ಬಹುಮಾನ ಟೀವಿಯಲ್ಲಿ ಬರುವುದಿಲ್ಲ;
ಅಲ್ಲಿ, ಆ ಮರಳುಗಾಡಿನ ಊರಲ್ಲಿ,
ತಾರೆಯರು ಇನ್ನೂ ತಲೆ ಬಾಚಿಸಿಕೊಳ್ಳುವಾಗ,
ಯಾರೋ ಕೆಂಪು ಹಾಸು ಗುಡಿಸುವಾಗ
ಬೇಗಬೇಗ ಕೊಟ್ಟು ಮುಗಿಸುತ್ತಾರೆ.
ದೊಡ್ಡಮನೆ ಸ್ಪ್ಯಾನಿಷಿನದು. ನಮ್ಮದು ಹಿತ್ತಿಲ ಬಾಗಿಲು.

ಆಲ್ಬಮ್ಮಿನ ಹೆಸರು ಶಾಂವ್ ದಿ ಜೇಲು, ಮಂಜುಗಡ್ಡೆಯ ನೆಲ.
ಶಾಂವ್ ಅನ್ನುವಾಗ ಉಸಿರು ಮೂಗಿಗೆ ಹತ್ತಿ
ಇಳಿಯಲು ಮನಸ್ಸಿಲ್ಲದೆ ಅಲ್ಲೇ ತುಸು ನಿಲ್ಲಬೇಕು.
ಕೂಸುಗಳು ಹಾಲಿನ ಜೊತೆ ಕಲಿಯುವುದದು.
ಲಕೋಟೆ ಒಡೆದ ಹುಡುಗನಿಗೆ ಯಾರು ಹೇಳಿಕೊಡಬೇಕು?
‘ಚಾವೋ ಡಿ ಗೇಲೋ!’ ಅಂದ.
ಯಾರಿಗೋ ಬಂತು ಅಂದುಕೊಂಡು ನಾನು ಚಪ್ಪಾಳೆ ತಟ್ಟಿದೆ.
ಅಲ್ಲಿ ಅವರಿಬ್ಬರೂ ತಟ್ಟುತ್ತಿದ್ದರು,
ಇವೊನೇಯ್ಜಿ ಅತ್ತಿತ್ತ ತಿರುಗಿ ನೋಡುತ್ತಿದ್ದಳು,
ಎದ್ದ ಪುಣ್ಯವಂತರು ಯಾರು ಎಂದು.
ಯಾರೂ ಏಳಲಿಲ್ಲ.
ಹುಡುಗ ಮತ್ತೆ ಓದಿದ, ಮತ್ತೂ ತಪ್ಪಾಗಿ.
ಆಗ ಎವಾರಿಸ್ತು, ಬಲಗಿವಿ ಕೇಳದವನು,
ಚೂರಿ ಕೆಳಗಿಟ್ಟು ಅಂದ:
‘ಅದು ನನ್ನ ನೆಲವಲ್ಲವೇನೇ?’

ರಾತ್ರಿ ಜೆನಿವಾಲ್ದು ಫೋನು ಮಾಡಿದ.
ಆರು ಹಾಡಿಗೆ ಬೇಸ್ ನುಡಿಸಿ, ಜಗಳ ಮಾಡಿ,
ಸಾವ್ ಲುಯೀಸಿನಲ್ಲಿ ಹಡಗಿಗೆ ಬಣ್ಣ ಬಳಿಯುತ್ತಿದ್ದಾನೆ ಈಗ.
‘ನನ್ನ ಹೆಸರು ಹಾಕಿದ್ದೀರಾ?’
ಹಾಕಿದ್ದೇವೆ, ಒಂದು ಅಕ್ಷರ ತಪ್ಪಿದೆ.
‘ಯಾವ ಅಕ್ಷರ?’
ಹೇಳಿದೆ. ಬಹಳ ಹೊತ್ತು ನಕ್ಕ.
ನಗುವಿನ ಕೊನೆ ನನಗೆ ಸರಿಯಾಗಿ ಕೇಳಿಸಲಿಲ್ಲ.

ಪ್ರಶಸ್ತಿ ತಿಂಗಳಿಗೊಬ್ಬರ ಮನೆಯಲ್ಲಿ ಅಂತ ಮಾತಾಗಿತ್ತು.
ಮೊದಲ ತಿಂಗಳಿಗೆ ಇಲ್ಲಿಗೆ ಬಂದದ್ದು ಇಲ್ಲೇ ಉಳಿಯಿತು.
ಮುದುಕ ತೂಗಿ ನೋಡಿದ:
ಎರಡು ಕಿಲೋ ಇನ್ನೂರು.
‘ಮುಳ್ಳು ತೆಗೆದರೆ ಎಷ್ಟಾದೀತು?’

ಬೆಳಗಿನ ನಾಲ್ಕಕ್ಕೆ ಐಸಿನ ಲಾರಿ ಬರುತ್ತದೆ.
ನಾನು ಮುಂಗವಸು ಕಟ್ಟಿ ಪೊರೆ ಹೆರೆಯುತ್ತೇನೆ.
ಗೋಡೆಯಾಚೆ ಯಂತ್ರ ಗುಂಯ್ ಎನ್ನುತ್ತದೆ,
ಒದ್ದೆ ನೆಲದ ಮೇಲೆ ನನ್ನ ಬಲಗಾಲು
ಅಲ್ಲಿಲ್ಲದ ಪೆಡಲನ್ನು
ಒತ್ತುತ್ತಿರುತ್ತದೆ.